ಹಳೆಯ ವಿಡಿಯೋ ಆಟಗಳ ಬಾಳಿಕೆ

೧

ಟೆಲಿವಿಷನ್ ಪೆಟ್ಟಿಗೆಗೆ ಜೋಡಿಸಿ ಆಡತಕ್ಕ ಆಟದ ಯಂತ್ರವು ಮನೆಗಳನ್ನು ಹೊಕ್ಕು ಅರ್ಧಶತಮಾನಕ್ಕೂ ಮೇಲಾಯಿತು. ಅಷ್ಟರಲ್ಲಿ ಒಂದರ ಹಿಂದೊಂದಾಗಿ ಹಲವು ತಲೆಮಾರಿನ ಯಂತ್ರಗಳು ಬಂದು ಹೋಗಿವೆ. ಹೊಸದು ಬಂದಾಗಲೆಲ್ಲ ಹಿಂದಿನದು ಅಟ್ಟವನ್ನು ಸೇರುವುದು ವಾಡಿಕೆ. ಹೀಗೆ ಅಟ್ಟ ಸೇರಿದ ಯಂತ್ರಗಳಲ್ಲಿಯೂ ಅವುಗಳ ಆಟಗಳಲ್ಲಿಯೂ ಇಂದಿಗೂ ಸಾರವುಳಿದಿದೆಯೆ, ಅಥವಾ ಅವನ್ನು ಹೊಗಳುವವರು ತಮ್ಮ ಬಾಲ್ಯವನ್ನೇ ಹೊಗಳಿಕೊಳ್ಳುತ್ತಿರುವರೆ ಎಂಬ ಪ್ರಶ್ನೆಯು ವಿಚಾರಯೋಗ್ಯವಾದುದು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಹಳೆಯ ಆಟಗಳಲ್ಲಿ ಚಿತ್ರವು ಒರಟು, ಸದ್ದು ಕೀರಲು, ಕಥೆಯು ಇಲ್ಲವೆನ್ನುವಷ್ಟು ಅಲ್ಪ. ಇಂದಿನ ಯಂತ್ರಗಳಲ್ಲಿ ಎಲೆಯ ಮೇಲಿನ ಹನಿಯೂ ಹೊಳೆಯುತ್ತಿರುವಾಗ ಚುಕ್ಕೆಗಳ ಗೊಂಬೆಗಳನ್ನು ಕುಣಿಸುವುದರಲ್ಲಿ ಏನು ಸುಖವೆಂಬುದು ಒಂದು ಪಕ್ಷ. ಹೊಸ ಆಟಗಳಲ್ಲಿರುವುದೆಲ್ಲ ಬರಿಯ ಆಡಂಬರ, ನಿಜವಾದ ಆಟವು ಹಳೆಯವುಗಳಲ್ಲಿಯೇ ಇದ್ದಿತೆಂಬುದು ಇನ್ನೊಂದು ಪಕ್ಷ. ಮೊದಲನೆಯವರು ಉಡುಪನ್ನು ನೋಡಿ ಆಳನ್ನು ಅಳೆಯುತ್ತಾರೆ; ಎರಡನೆಯವರು ಹಳೆಯದೆಂಬ ಒಂದೇ ಕಾರಣದಿಂದ ಕಾಳನ್ನೂ ಜೊಳ್ಳನ್ನೂ ಒಂದೇ ಕಣಜಕ್ಕೆ ತುಂಬುತ್ತಾರೆ. ಇತಿಹಾಸವನ್ನು ಪರಿಶೀಲಿಸಿದರೆ ಇವೆರಡೂ ನಿಲ್ಲತಕ್ಕ ವಾದಗಳಲ್ಲವೆಂದು ತೋರುತ್ತದೆ.

ವಿಚಾರದ ಸೌಕರ್ಯಕ್ಕಾಗಿ ಇಂತಹ ಆಟವೊಂದನ್ನು ಮೂರು ಅಂಗಗಳಾಗಿ ವಿಂಗಡಿಸಬಹುದು. ಏನು ಮಾಡಿದರೆ ಗೆಲವು, ಏನು ಮಾಡಿದರೆ ಸೋಲು ಎಂಬ ಕಟ್ಟುಪಾಡು ಅದರ ನಿಯಮ. ಕಣ್ಣಿಗೂ ಕಿವಿಗೂ ಗೋಚರವಾಗುವ ಚಿತ್ರ, ಬಣ್ಣ, ನಾದಗಳು ಅದರ ರೂಪ. ಇವೆರಡನ್ನೂ ಹೊತ್ತಿರುವ ಯಂತ್ರವು ಅದರ ಆಶ್ರಯ. ಈ ಮೂರೂ ಒಂದೇ ವೇಗದಲ್ಲಿ ಮುಪ್ಪಾಗುವುದಿಲ್ಲ. ಹಳೆಯ ಆಟಗಳು ಬಾಳುತ್ತವೆಯೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ದೊರೆಯದಿರುವುದಕ್ಕೆ ಇದೇ ಕಾರಣ.

೨

ಮನೆಯ ಆಟದ ಯಂತ್ರಕ್ಕೆ ಮೂಲಪುರುಷರೆಂದು ಹೆಸರಾದವರು ರಾಲ್ಫ್ ಬೇಯರ್ ಎಂಬವರು. ೧೯೨೨ರಲ್ಲಿ ಜರ್ಮನಿಯ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿದ ಇವರು ನಾಟ್ಸಿಗಳ ಆಳ್ವಿಕೆಯಿಂದ ತಪ್ಪಿಸಿಕೊಂಡು ೧೯೩೮ರಲ್ಲಿ ಅಮೆರಿಕವನ್ನು ಸೇರಿದರು. ಅಲ್ಲಿ ಸ್ಯಾಂಡರ್ಸ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯಲ್ಲಿ ಇಂಜಿನಿಯರರಾಗಿದ್ದಾಗ, ಮನೆಮನೆಯಲ್ಲಿಯೂ ಇರುವ ಟೆಲಿವಿಷನ್ನನ್ನು ನೋಡುವುದಕ್ಕೆ ಮಾತ್ರವಲ್ಲದೆ ಆಡುವುದಕ್ಕೂ ಬಳಸಬಹುದೆಂದು ೧೯೬೬ರಲ್ಲಿ ನಾಲ್ಕು ಪುಟಗಳ ಟಿಪ್ಪಣಿಯನ್ನು ಬರೆದರು. ಆ ಯೋಚನೆಯು ಬೆಳೆದು, ಮ್ಯಾಗ್ನವಾಕ್ಸ್ ಕಂಪನಿಯ ‘ಆಡಿಸ್ಸಿ’ ಎಂಬ ಯಂತ್ರವಾಗಿ ೧೯೭೨ರಲ್ಲಿ ಅಂಗಡಿಗೆ ಬಂದಿತು.

ಆಡಿಸ್ಸಿಗೆ ಸದ್ದಿರಲಿಲ್ಲ, ಬಣ್ಣವಿರಲಿಲ್ಲ, ಲೆಕ್ಕವಿಡುವ ಶಕ್ತಿಯೂ ಇರಲಿಲ್ಲ. ತೆರೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳೂ ಒಂದು ಗೆರೆಯೂ ಮಾತ್ರ ಕಾಣುತ್ತಿದ್ದುವು. ಬೇರೆ ಬೇರೆ ಆಟಗಳಿಗಾಗಿ ಬಣ್ಣದ ಪಾರದರ್ಶಕ ಹಾಳೆಗಳನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಬೇಕಾಗಿದ್ದಿತು. ಪೆಟ್ಟಿಗೆಯಲ್ಲಿ ದಾಳಗಳೂ ಕಾಗದದ ಹಣವೂ ಇಸ್ಪೀಟಿನಂತಹ ಎಲೆಗಳೂ ಇದ್ದುವು. ಅಂಕಗಳನ್ನು ಆಡುವವರೇ ಬರೆದುಕೊಳ್ಳುತ್ತಿದ್ದರು. ಎಂದರೆ, ಈ ಯಂತ್ರದಲ್ಲಿ ರೂಪದ ಅಂಕುರವಿದ್ದಿತೇ ಹೊರತು ನಿಯಮದ ಬಹುಭಾಗವು ಯಂತ್ರದ ಹೊರಗೇ ಇದ್ದಿತು. ಇಂದು ಅದನ್ನು ಆಡುವವರಿಗೆ ಕುತೂಹಲವು ಬೇಗನೆ ತಣಿಯುತ್ತದೆ. ಅದರ ಮೂಲಮಾದರಿಯು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿರುವುದು ಉಚಿತವಾಗಿಯೇ ಇದೆ.

ಅದೇ ೧೯೭೨ರಲ್ಲಿ ಅಟಾರಿ ಕಂಪನಿಯು ‘ಪಾಂಗ್’ ಎಂಬ, ನಾಣ್ಯ ಹಾಕಿ ಆಡುವ ಯಂತ್ರವನ್ನು ಹೊರತಂದಿತು. ಎರಡು ಹಲಗೆ, ಒಂದು ಚೆಂಡು, ಇಷ್ಟೇ ಅದರ ಸಾಮಗ್ರಿ. ಆಡಿಸ್ಸಿಯ ಟೇಬಲ್ ಟೆನಿಸ್ ಆಟಕ್ಕೆ ಇದು ತೀರ ಸಮೀಪವಾಗಿದ್ದುದರಿಂದ ಮ್ಯಾಗ್ನವಾಕ್ಸಿನವರು ದಾವೆ ಹೂಡಿದರು. ೧೯೭೬ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಆದರೆ ಪಾಂಗನ್ನು ರೂಪಿಸಿದ ಆಲನ್ ಆಲ್ಕಾರ್ನರು ಸಣ್ಣದೆಂದು ತೋರುವ ಎರಡು ಕಟ್ಟುಗಳನ್ನು ಸೇರಿಸಿದ್ದರು. ಚೆಂಡು ಹಲಗೆಯ ಯಾವ ಭಾಗಕ್ಕೆ ತಗುಲಿತೆಂಬುದನ್ನು ಅನುಸರಿಸಿ ಅದು ಚಿಮ್ಮುವ ಕೋನವು ಬದಲಾಗುತ್ತಿದ್ದಿತು. ಸರದಿಯು ಬೆಳೆದಂತೆಲ್ಲ ಚೆಂಡಿನ ವೇಗವೂ ಏರುತ್ತಿದ್ದಿತು. ಇದರಿಂದ ಆಡುವವನ ಜಾಣ್ಮೆಗೆ ಎಡೆಯುಂಟಾಯಿತು. ಪಾಂಗ್ ಇಂದಿಗೂ ಇಬ್ಬರನ್ನು ಹಿಡಿದು ನಿಲ್ಲಿಸಬಲ್ಲುದಾದರೆ ಅದು ಈ ನಿಯಮದ ಬಲದಿಂದಲೇ.

೧೯೭೭ರಲ್ಲಿ ಅದೇ ಅಟಾರಿಯವರ ಮನೆಯ ಯಂತ್ರವು ಹೊರಬಂದಿತು. ಆಟವನ್ನು ಯಂತ್ರದಿಂದ ಬೇರ್ಪಡಿಸಿ, ಸಿಕ್ಕಿಸಿ ತೆಗೆಯುವ ಕಾರ್ಟ್ರಿಜ್ಜಿನಲ್ಲಿಡುವ ಪದ್ಧತಿಯು ಹಿಂದಿನ ವರ್ಷವೇ ಫೇರ್‌ಚೈಲ್ಡ್ ಕಂಪನಿಯಿಂದ ಮೊದಲಾಗಿದ್ದರೂ, ಅದನ್ನು ಲೋಕಪ್ರಸಿದ್ಧಗೊಳಿಸಿದುದು ಅಟಾರಿಯೇ. ಈ ಯಂತ್ರದ ಕೆಲಸದ ನೆನಪು ೧೨೮ ಬೈಟುಗಳು ಮಾತ್ರ. ಎಂದರೆ ಇಂಗ್ಲಿಷಿನ ೧೨೮ ಅಕ್ಷರಗಳನ್ನು ಬರೆದಿಡುವಷ್ಟು ಜಾಗ. ಒಂದು ಇಡೀ ಚಿತ್ರವನ್ನು ಅದರಲ್ಲಿ ಇರಿಸುವಂತಿರಲಿಲ್ಲ. ಆದುದರಿಂದ ಟೆಲಿವಿಷನ್ನಿನ ಕಿರಣವು ತೆರೆಯ ಮೇಲೆ ಒಂದೊಂದು ಗೆರೆಯನ್ನು ಎಳೆಯುತ್ತಿರುವಾಗಲೇ, ಆ ಗೆರೆಯಲ್ಲಿ ಏನು ಕಾಣಬೇಕೆಂಬುದನ್ನು ಯಂತ್ರಕ್ಕೆ ಹೇಳಿಕೊಡುವಂತೆ ಆಟವನ್ನು ಬರೆಯಬೇಕಾಗಿದ್ದಿತು.

ಇಷ್ಟು ಬಡತನದಲ್ಲಿ ಎಂತಹ ಕೆಲಸ ನಡೆಯಿತೆಂಬುದಕ್ಕೆ ಡೇವಿಡ್ ಕ್ರೇನರು ೧೯೮೨ರಲ್ಲಿ ರಚಿಸಿದ ‘ಪಿಟ್‌ಫಾಲ್’ ಒಳ್ಳೆಯ ನಿದರ್ಶನ. ಕಾಡಿನ ೨೫೫ ದೃಶ್ಯಗಳಲ್ಲಿ ಓಡಿ, ಹಳ್ಳಗಳನ್ನೂ ಮೊಸಳೆಗಳನ್ನೂ ದಾಟಿ, ಇಪ್ಪತ್ತು ನಿಮಿಷಗಳೊಳಗಾಗಿ ೩೨ ನಿಧಿಗಳನ್ನು ಕೂಡಿಹಾಕಬೇಕು. ಆದರೆ ಇಡೀ ಆಟಕ್ಕೆ ದೊರೆತ ಜಾಗವು ನಾಲ್ಕು ಸಾವಿರ ಬೈಟುಗಳ ಆಸುಪಾಸು. ಕ್ರೇನರು ದೃಶ್ಯಗಳನ್ನು ಒಂದೊಂದಾಗಿ ಬರೆದಿಡಲಿಲ್ಲ; ಒಂದು ದೃಶ್ಯದ ಸಂಖ್ಯೆಯಿಂದ ಮುಂದಿನದು ತಾನಾಗಿ ಹುಟ್ಟುವಂತೆ ಗಣಿತದ ಸೂತ್ರವೊಂದನ್ನು ಇರಿಸಿದರು. ವ್ಯಾಕರಣದ ಸೂತ್ರವು ಕೆಲವೇ ಅಕ್ಷರಗಳಲ್ಲಿ ನೂರಾರು ರೂಪಗಳನ್ನು ಸಾಧಿಸುವಂತೆಯೇ ಇದು.

ಹೀಗೆಂದು ಆ ಕಾಲದ ಸರಕೆಲ್ಲವೂ ಉತ್ತಮವಾಗಿದ್ದಿತೆಂದು ಭಾವಿಸತಕ್ಕದ್ದಲ್ಲ. ಅದೇ ೧೯೮೨ರಲ್ಲಿ, ‘ಇ. ಟಿ.’ ಎಂಬ ಜನಪ್ರಿಯ ಚಲನಚಿತ್ರದ ಹೆಸರಿನ ಆಟವೊಂದನ್ನು ಕ್ರಿಸ್ಮಸ್ ವ್ಯಾಪಾರಕ್ಕೆ ಒದಗಿಸಲು ಸುಮಾರು ಐದೇ ವಾರಗಳಲ್ಲಿ ಬರೆಯಿಸಲಾಯಿತು. ಕೊಂಡವರು ಬೇಸರಪಟ್ಟರು, ಪ್ರತಿಗಳು ರಾಶಿರಾಶಿಯಾಗಿ ಉಳಿದುವು. ೧೯೮೩ರಲ್ಲಿ ಅಮೆರಿಕದ ಆಟದ ಮಾರುಕಟ್ಟೆಯೇ ಕುಸಿದು, ಅಟಾರಿಯ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬಲ್ಲಿ ಹೂಳಿದರು. ೨೦೧೪ರಲ್ಲಿ ಆ ನೆಲವನ್ನು ಅಗೆದಾಗ ಕಾರ್ಟ್ರಿಜ್ಜುಗಳು ನಿಜವಾಗಿಯೂ ಸಿಕ್ಕಿದುವು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ ಹಳೆಯದೆಲ್ಲ ಹೊನ್ನೂ ಅಲ್ಲ.

೩

ಕುಸಿದ ಈ ಉದ್ಯಮವನ್ನು ಎತ್ತಿ ನಿಲ್ಲಿಸಿದುದು ಜಪಾನಿನ ಕ್ಯೋಟೋ ನಗರದ ನಿಂಟೆಂಡೊ. ಈ ಸಂಸ್ಥೆಯು ೧೮೮೯ರಲ್ಲಿ ಹನಾಫುಡ ಎಂಬ ಹೂಚಿತ್ರದ ಆಟದ ಎಲೆಗಳನ್ನು ಮಾಡುವುದಕ್ಕಾಗಿ ಸ್ಥಾಪಿತವಾದುದೆಂಬುದು ಗಮನಾರ್ಹ. ಅದರ ‘ಫ್ಯಾಮಿಕಾಂ’ ಯಂತ್ರವು ಜಪಾನಿನಲ್ಲಿ ೧೯೮೩ರಲ್ಲಿಯೂ, ‘ಎನ್. ಇ. ಎಸ್.’ ಎಂಬ ಹೆಸರಿನಿಂದ ಅಮೆರಿಕದಲ್ಲಿ ೧೯೮೫ರಲ್ಲಿಯೂ ಹೊರಟಿತು. ೧೯೮೫ರಲ್ಲಿಯೇ ಶಿಗೇರು ಮಿಯಾಮೊತೊ ಮತ್ತು ಅವರ ಸಂಗಡಿಗರು ‘ಸೂಪರ್ ಮಾರಿಯೋ ಬ್ರದರ್ಸ್’ ಆಟವನ್ನು ಸಿದ್ಧಪಡಿಸಿದರು. ಆಟದ ಒಟ್ಟು ಗಾತ್ರ ೪೦ ಕಿಲೋಬೈಟು. ಜಾಗದ ಅಭಾವದಿಂದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿಯನ್ನು ಬಳಸಿ, ಬಣ್ಣವನ್ನು ಮಾತ್ರ ಬದಲಿಸಿದ್ದಾರೆ.

ಈ ಆಟದ ಮೊದಲನೆಯ ದೃಶ್ಯವು ಬೋಧನಕ್ರಮಕ್ಕೆ ಒಂದು ಮಾದರಿಯೆನ್ನಬಹುದು. ಗೊಂಬೆಯು ತೆರೆಯ ಎಡಗಡೆಯಲ್ಲಿ ನಿಂತಿದೆ, ಬಲಗಡೆಯೆಲ್ಲ ಬಯಲು. ಆದುದರಿಂದ ಆಡುವವನು ತಾನಾಗಿಯೇ ಬಲಕ್ಕೆ ನಡೆಯುತ್ತಾನೆ. ಎದುರಿಗೆ ಹಗೆಯೊಂದು ಬರುತ್ತದೆ. ತಗುಲಿದರೆ ಸಾವು, ಹಾರಿದರೆ ಉಳಿವು. ಹಾರುವಾಗ ತಲೆಯ ಮೇಲೆ ಮಿನುಗುವ ಇಟ್ಟಿಗೆಗೆ ಪೆಟ್ಟು ಬಿದ್ದು ಅಣಬೆಯೊಂದು ಹೊರಬೀಳುತ್ತದೆ. ಆ ಅಣಬೆಯು ಮುಂದಿನ ಕೊಳವೆಗೆ ತಾಗಿ ಹಿಂದಿರುಗಿ ಬರುವುದರಿಂದ, ಹೆದರಿ ತಪ್ಪಿಸಿಕೊಳ್ಳಹೋದವನಿಗೂ ಅದು ತಗುಲಿ, ಅದು ಹಗೆಯಲ್ಲ, ಬಲವನ್ನೀಯುವ ವಸ್ತುವೆಂದು ತಿಳಿಯುತ್ತದೆ. ಒಂದು ಅಕ್ಷರದ ಉಪದೇಶವೂ ಇಲ್ಲದೆ ನಿಯಮಗಳು ಅರ್ಧ ನಿಮಿಷದಲ್ಲಿ ಮನದಟ್ಟಾಗುತ್ತವೆ. ಈ ಗುಣಕ್ಕೆ ಮುಪ್ಪಿಲ್ಲ. ಓದುಬಾರದ ಮಗುವೂ ಈ ಆಟವನ್ನು ಇಂದು ಹಾಗೆಯೇ ಕಲಿಯುತ್ತದೆ.

ಕನ್ನಡನಾಡಿನ ಮನೆಗಳಿಗೂ ಈ ಆಟವು ಬಂದಿತು. ಆದರೆ ಬೇರೆ ವೇಷದಲ್ಲಿ. ೧೯೯೦ರ ದಶಕದಲ್ಲಿ ಫ್ಯಾಮಿಕಾಮಿನ ಅನಧಿಕೃತ ನಕಲುಗಳು ಭಾರತದ ಪಟ್ಟಣಗಳಲ್ಲೆಲ್ಲ ‘ಟಿವಿ ಗೇಮ್’ ಎಂಬ ಹೆಸರಿನಿಂದ ಮಾರಾಟವಾದುವು. ಕಾರ್ಟ್ರಿಜ್ಜಿಗೆ ಜನರು ಕ್ಯಾಸೆಟ್ಟು ಎಂದರು. ಮೇಲಿನ ಚೀಟಿಯಲ್ಲಿ ಸಾವಿರಾರು ಆಟಗಳಿವೆಯೆಂದಿದ್ದರೂ ಒಳಗಿರುತ್ತಿದ್ದುವು ಕೆಲವೇ; ಅವೇ ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದುವು. ಮಾರಿಯೋ, ಕಾಂಟ್ರಾಗಳನ್ನು ಬಲ್ಲ ಬಹುಮಂದಿಗೆ ನಿಂಟೆಂಡೊ ಎಂಬ ಹೆಸರೇ ಅಪರಿಚಿತವಾಗಿದ್ದಿತು. ಕರ್ತೃವಿನ ಹೆಸರಿಲ್ಲದೆ, ಅಗ್ಗದ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಬಂದರೂ ಆಟವು ಮಕ್ಕಳನ್ನು ಗೆದ್ದುಕೊಂಡಿತು. ನಿಯಮದ ಬಲವು ಆಶ್ರಯದ ದಾರಿದ್ರ್ಯವನ್ನು ಹೇಗೆ ಮೀರುತ್ತದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಈ ಮಾತಿಗೆ ಇನ್ನೂ ಬಲವಾದ ಪ್ರಮಾಣವು ‘ಟೆಟ್ರಿಸ್’ ಎಂಬ ಆಟದಲ್ಲಿದೆ. ಮಾಸ್ಕೋ ನಗರದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿದ್ದ ಅಲೆಕ್ಸಿ ಪಾಜಿತ್ನೊವರು ೧೯೮೪ರಲ್ಲಿ ಇದನ್ನು ರಚಿಸಿದರು. ಅವರ ಕೈಗೆ ದೊರೆತ ಎಲೆಕ್ಟ್ರಾನಿಕಾ-೬೦ ಎಂಬ ಗಣಕಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಕಂಸದ ಚಿಹ್ನೆಗಳನ್ನು ಜೋಡಿಸಿ ಚೌಕಗಳನ್ನು ಮಾಡಿದರು. ನಾಲ್ಕು ನಾಲ್ಕು ಚೌಕಗಳ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯವಾಗುತ್ತದೆ. ರೂಪವು ಸೊನ್ನೆ, ನಿಯಮವು ಪೂರ್ಣ.

೧೯೮೯ರಲ್ಲಿ ನಿಂಟೆಂಡೊ ತನ್ನ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರದೊಂದಿಗೆ ಈ ಆಟವನ್ನು ಹಲವು ದೇಶಗಳಿಗೆ ಕಳುಹಿಸಿತು. ಆ ಯಂತ್ರದ ತೆರೆಗೆ ಬಣ್ಣವಿರಲಿಲ್ಲ, ಹಿಂಬೆಳಕಿರಲಿಲ್ಲ. ಹೊಸ ಆಟಿಕೆಗೆ ಹೊಸ ತಂತ್ರವೇ ಬೇಕೆಂದಿಲ್ಲ, ಹಳತಾಗಿ ಪಳಗಿ ಅಗ್ಗವಾದ ತಂತ್ರವನ್ನು ಹೊಸ ರೀತಿಯಲ್ಲಿ ಬಳಸಬೇಕೆಂಬುದು ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿಯವರ ಮತ. ೧೯೯೦ರಲ್ಲಿ ಸೆಗಾ ಕಂಪನಿಯು ಬಣ್ಣದ ತೆರೆಯ ‘ಗೇಮ್ ಗಿಯರ್’ ಯಂತ್ರವನ್ನು ಹೊರತಂದಿತು. ಅದು ಆರು ಬ್ಯಾಟರಿಗಳನ್ನು ಮೂರರಿಂದ ಐದು ಗಂಟೆಗಳಲ್ಲಿ ನುಂಗಿದರೆ, ಗೇಮ್ ಬಾಯ್ ನಾಲ್ಕೇ ಬ್ಯಾಟರಿಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿದ್ದಿತು. ಗೇಮ್ ಬಾಯ್ ಮತ್ತು ಅದರ ಬಣ್ಣದ ಉತ್ತರಾಧಿಕಾರಿ ಎರಡೂ ಸೇರಿ ಸುಮಾರು ೧೧ ಕೋಟಿ ೮೭ ಲಕ್ಷ ಯಂತ್ರಗಳು ಮಾರಾಟವಾದುವು.

ಎನ್. ಇ. ಎಸ್. ಯಂತ್ರಕ್ಕಾಗಿ ೧೯೮೯ರಲ್ಲಿ ಹೊರಟ ಟೆಟ್ರಿಸ್ ಪ್ರತಿಯಲ್ಲಿ, ೨೯ನೆಯ ಮೆಟ್ಟಲಿನಲ್ಲಿ ತುಂಡುಗಳ ವೇಗವು ಮನುಷ್ಯನ ಕೈಗೆ ಮೀರುವುದೆಂದೂ ಅದೇ ಆಟದ ಕೊನೆಯೆಂದೂ ಬಹುಕಾಲ ನಂಬಿದ್ದರು. ಆದರೆ ಆಡುವವರು ಗುಂಡಿಯನ್ನು ಒತ್ತುವ ಹೊಸ ಕ್ರಮಗಳನ್ನು ಕಂಡುಹಿಡಿದರು. ಹಲವು ಬೆರಳುಗಳಿಂದ ಹಿಡಿಯ ಹಿಂಬದಿಯನ್ನು ಮೃದಂಗದಂತೆ ನುಡಿಸುವುದು ಅವುಗಳಲ್ಲೊಂದು. ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬನು ೧೫೭ನೆಯ ಮೆಟ್ಟಲನ್ನು ಮುಟ್ಟಿ, ಯಂತ್ರವೇ ಲೆಕ್ಕ ತಪ್ಪಿ ಸ್ತಬ್ಧವಾಗುವವರೆಗೆ ಆಡಿದನು. ಆ ಆಟವು ಹುಟ್ಟಿ ಇಪ್ಪತ್ತು ವರ್ಷಗಳ ಮೇಲೆ ಹುಟ್ಟಿದ ಆ ಬಾಲಕನಿಗೆ ಅದರಲ್ಲಿ ಬಾಲ್ಯಸ್ಮರಣೆಯ ಮೋಹವೆಲ್ಲಿಯದು? ಹಳೆಯ ಆಟಗಳ ಮೆಚ್ಚುಗೆಯೆಲ್ಲವೂ ಬಾಲ್ಯದ ಹಂಬಲವೆನ್ನುವ ಪೂರ್ವಪಕ್ಷವು ಇಲ್ಲಿಗೆ ಬಿದ್ದುಹೋಗುತ್ತದೆ.

೪

ಹಾಗಾದರೆ ಬಾಳದೆ ಹೋದುವು ಯಾವುವು? ಮೊದಲನೆಯದಾಗಿ, ನಾಣ್ಯದ ಯಂತ್ರಗಳ ನೆರಳಿನಲ್ಲಿ ಬೆಳೆದ ಕಠಿನ ಆಟಗಳು. ಅಂಗಡಿಯ ಯಂತ್ರಕ್ಕೆ ಆಡುವವನು ಬೇಗ ಸೋತಷ್ಟೂ ಲಾಭ. ಮನೆಯ ಯಂತ್ರದಲ್ಲಿ ಆ ಲಾಭದ ಪ್ರಶ್ನೆಯಿಲ್ಲದಿದ್ದರೂ ಅದೇ ಕ್ರೌರ್ಯವು ಮುಂದುವರಿಯಿತು. ಚಿಕ್ಕ ಆಟವನ್ನು ದೊಡ್ಡದೆಂದು ತೋರಿಸಲು ಅದು ಅನುಕೂಲವೂ ಆಗಿದ್ದಿತು. ೧೯೮೫ರ ‘ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್’ ಆಟವನ್ನು ಬಹು ಕಷ್ಟದಿಂದ ಮುಗಿಸಿದವನು, ನಿಜವಾದ ಮುಕ್ತಾಯವನ್ನು ಕಾಣಲು ಅದನ್ನು ಮೊದಲಿನಿಂದ ಇನ್ನೊಮ್ಮೆ ಮುಗಿಸಬೇಕು. ಇಂತಹ ಕಡೆ ಹಳೆಯ ನಿಯಮವೇ ದೋಷಯುಕ್ತ. ಅದನ್ನು ಸಮರ್ಥಿಸುವುದು ಅನಗತ್ಯ.

ಎರಡನೆಯದಾಗಿ, ಮೂರು ಆಯಾಮಗಳ ಚಿತ್ರದ ಮೊದಲ ಪ್ರಯತ್ನಗಳು. ೧೯೯೪ರಲ್ಲಿ ಬಂದ ಸೋನಿ ಕಂಪನಿಯ ‘ಪ್ಲೇಸ್ಟೇಷನ್’ ಆ ಕಾಲಕ್ಕೆ ವಿಸ್ಮಯವೆನಿಸಿತು. ಆದರೆ ಅದು ಆಕೃತಿಗಳ ಮೂಲೆಗಳನ್ನು ಪೂರ್ಣಸಂಖ್ಯೆಗಳ ಸ್ಥಾನಗಳಲ್ಲಿ ಮಾತ್ರ ಇಡಬಲ್ಲುದಾಗಿದ್ದುದರಿಂದ ಗೋಡೆಗಳು ನಡುಗುವಂತೆಯೂ, ದೂರವನ್ನು ಲೆಕ್ಕಿಸದೆ ಬಣ್ಣ ಬಳಿಯುತ್ತಿದ್ದುದರಿಂದ ನೆಲಹಾಸು ಸೊಟ್ಟಗಾಗುವಂತೆಯೂ ಕಾಣುತ್ತವೆ. ಆರಂಭದಲ್ಲಿ ಅದರ ಹಿಡಿಯಲ್ಲಿ ಎಲ್ಲ ದಿಕ್ಕಿಗೂ ಓಲಾಡುವ ಕಡ್ಡಿಗಳೂ ಇರಲಿಲ್ಲ. ೧೯೯೬ರ ‘ರೆಸಿಡೆಂಟ್ ಈವಿಲ್’ ಆಟದಲ್ಲಿ ಪಾತ್ರವನ್ನು ಬಂಡಿಯಂತೆ ನಿಂತಲ್ಲೇ ತಿರುಗಿಸಿ, ಬಳಿಕ ಮುಂದಕ್ಕೆ ನಡೆಸಬೇಕು. ಅದರ ಪರಿಷ್ಕೃತ ಆವೃತ್ತಿಯನ್ನು ೨೦೧೫ರಲ್ಲಿ ಮತ್ತೆ ಹೊರತಂದಾಗ ಪ್ರಕಾಶಕರೇ ನಡೆಸುವ ಕ್ರಮಕ್ಕೆ ಹೊಸ ಆಯ್ಕೆಯೊಂದನ್ನು ಸೇರಿಸಿದರು. ಹತ್ತು ವರ್ಷ ಹಿರಿಯದಾದ ಮಾರಿಯೋ ಆಟಕ್ಕಿಂತ ಇವೇ ಹೆಚ್ಚು ಮುದಿಯಾಗಿ ಕಾಣುವುದು ಆಶ್ಚರ್ಯವಲ್ಲ. ಫ್ಯಾಮಿಕಾಮಿನ ಕಾಲದವರು ತಮ್ಮ ಸಾಧನದ ಎಲ್ಲೆಯನ್ನರಿತು ಅದರೊಳಗೆ ಪೂರ್ಣವಾದುದನ್ನು ಕಟ್ಟಿದರು. ಇವರು ಇನ್ನೂ ಕೈಗೂಡದ ಸಾಧನವನ್ನು ಹಿಡಿದು ಹೊಸ ನೆಲಕ್ಕೆ ಹೊರಟರು. ಮುಂದಿನವರಿಗೆ ದಾರಿಯಾಯಿತು, ದಾರಿ ಮಾಡಿದವರ ಬಟ್ಟೆ ಹರಿಯಿತು.

೫

ನಿಯಮವು ಬಾಳುತ್ತದೆ, ರೂಪವು ಅರೆಬರೆಯಾಗಿ ಬಾಳುತ್ತದೆ ಎಂಬಷ್ಟರಿಂದ ವಿಚಾರ ಮುಗಿಯುವಂತಿಲ್ಲ. ಆಶ್ರಯದ ಪ್ರಶ್ನೆಯೇ ಎಲ್ಲಕ್ಕಿಂತ ಗಂಭೀರವಾದುದು.

ಹಳೆಯ ಆಟಗಳ ಚಿತ್ರಗಳನ್ನು ಗಾಜಿನ ಕೊಳವೆಯ ಟೆಲಿವಿಷನ್ನಿಗೆಂದೇ ಬರೆದಿದ್ದರು. ೧೯೯೧ರ ‘ಸಾನಿಕ್’ ಆಟದಲ್ಲಿ ಜಲಪಾತವನ್ನು ಒತ್ತೊತ್ತಾದ ಉದ್ದಗೆರೆಗಳಿಂದ ರಚಿಸಿದ್ದಾರೆ. ಹಳೆಯ ತೆರೆಯಲ್ಲಿ ಆ ಗೆರೆಗಳು ಬೆರೆತು ತಿಳಿನೀರಾಗುತ್ತಿದ್ದುವು, ಇಂದಿನ ಚಪ್ಪಟೆಯ ತೆರೆಯಲ್ಲಿ ಅವು ಬರಿಯ ಪಟ್ಟಿಗಳು. ‘ಡಕ್ ಹಂಟ್’ ಎಂಬ ಬಾತುಕೋಳಿಯ ಬೇಟೆಯ ಬಂದೂಕು, ಕೊಳವೆಯ ತೆರೆಯು ಕ್ಷಣಮಾತ್ರ ಕಪ್ಪಾಗಿ ಗುರಿಯು ಬೆಳ್ಳಗಾಗುವುದನ್ನು ನೋಡಿ ಪೆಟ್ಟನ್ನು ನಿರ್ಣಯಿಸುತ್ತಿದ್ದಿತು. ಹೊಸ ತೆರೆಗಳ ವಿಳಂಬದಿಂದ ಅದು ಕುರುಡಾಗಿದೆ. ೧೯೮೭ರಲ್ಲಿ ಅಮೆರಿಕಕ್ಕೆ ಬಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಂತಹ ಕಾರ್ಟ್ರಿಜ್ಜುಗಳೊಳಗೆ ಆಟದ ಪ್ರಗತಿಯನ್ನು ನೆನಪಿಡುವ ಗುಂಡಿಯಾಕಾರದ ಬ್ಯಾಟರಿಯುಂಟು, ಅದು ಬತ್ತಿದಾಗ ನೆನಪೆಲ್ಲವೂ ಅಳಿಯುತ್ತದೆ. ಗೇಮ್ ಗಿಯರಿನ ಕೆಪಾಸಿಟರುಗಳು ಸೋರಿ ಯಂತ್ರವನ್ನೇ ಕೆಡಿಸುತ್ತವೆ.

ಚತುರಂಗಕ್ಕೆ ಈ ಭಯವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚತುರಂಗ, ಪಗಡೆ ಮೊದಲಾದ ಕ್ರೀಡೆಗಳ ವಿವರಣೆಯುಂಟು. ಆ ಅರಮನೆಯ ಮಣೆಯೂ ಕಾಯಿಗಳೂ ಮಣ್ಣಾದರೂ, ನಿಯಮವು ಮಾತಿನಲ್ಲಿಯೂ ಗ್ರಂಥದಲ್ಲಿಯೂ ನಿಂತುದರಿಂದ, ನೆಲದ ಮೇಲೆ ಗೆರೆಯೆಳೆದು ಬೀಜ ಕಲ್ಲುಗಳಿಂದಲೂ ಆಡಬಹುದು. ವಿಡಿಯೋ ಆಟದ ನಿಯಮವಾದರೋ ಮನುಷ್ಯನು ಓದಲಾಗದ ಅಂಕೆಗಳ ರೂಪದಲ್ಲಿ ಚಿಪ್ಪಿನೊಳಗೆ ಹುದುಗಿದೆ. ಯಂತ್ರವು ನಡೆಯದಿದ್ದರೆ ನಿಯಮವು ಇದ್ದೂ ಇಲ್ಲದಂತೆ. ಬಲಿತ ಜೀವಕ್ಕೆ ಇಷ್ಟು ದುರ್ಬಲವಾದ ದೇಹವು ಬೇರೆ ಯಾವ ಕ್ರೀಡೆಗೂ ಇದ್ದಂತಿಲ್ಲ.

ಜಪಾನಿನಲ್ಲಿ ೧೯೯೫ರಿಂದ ೨೦೦೦ದವರೆಗೆ ನಿಂಟೆಂಡೊ ‘ಸ್ಯಾಟೆಲಾವ್ಯೂ’ ಎಂಬ ಸಾಧನದ ಮೂಲಕ ಉಪಗ್ರಹದಿಂದ ಆಟಗಳನ್ನು ಪ್ರಸಾರ ಮಾಡುತ್ತಿದ್ದಿತು. ಕೇಳುಗರ ನೆನಪಿನ ಪೊಟ್ಟಣದಲ್ಲಿ ಹೊಸದು ಬಂದಾಗ ಹಳೆಯದು ಅಳಿಸಿಹೋಗುತ್ತಿದ್ದಿತು. ಹೀಗೆ ಹಲವು ಆಟಗಳು ಕೈತಪ್ಪಿದುವು. ೨೦೨೩ರ ಮಾರ್ಚಿನಲ್ಲಿ ಅದೇ ಕಂಪನಿಯು ತನ್ನ ‘೩ಡಿಎಸ್’ ಮತ್ತು ‘ವೀ ಯು’ ಯಂತ್ರಗಳ ಅಂತರ್ಜಾಲದ ಅಂಗಡಿಗಳನ್ನು ಮುಚ್ಚಿದಾಗ, ಅವುಗಳ ಮೂಲಕ ಮಾತ್ರ ದೊರೆಯುತ್ತಿದ್ದ ಆಟಗಳಿಗೆ ದಾರಿಯಿಲ್ಲವಾಯಿತು. ೨೦೨೩ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ನಿನವರು ಸಾಫ್ಟ್‌ವೇರ್ ಸಂರಕ್ಷಣೆಯ ಇನ್ನೊಂದು ಸಂಸ್ಥೆಯೊಡನೆ ನಡೆಸಿದ ಪರಿಶೀಲನೆಯಂತೆ, ೨೦೧೦ಕ್ಕಿಂತ ಮುಂಚೆ ಆ ದೇಶದಲ್ಲಿ ಪ್ರಕಟವಾದ ಆಟಗಳಲ್ಲಿ ಶೇಕಡ ೮೭ರಷ್ಟು ಮಾರಾಟದಲ್ಲಿಲ್ಲ. ಇವು ಅಳಿದುವೆಂದು ಇದರ ಅರ್ಥವಲ್ಲ. ನ್ಯಾಯವಾದ ಮಾರ್ಗದಿಂದ ಹೊಸದಾಗಿ ಕೊಳ್ಳುವಂತಿಲ್ಲವೆಂದಷ್ಟೇ ಅರ್ಥ. ಆದರೆ ಪುಸ್ತಕವು ಅಂಗಡಿಯಲ್ಲಿಲ್ಲದಿದ್ದರೆ ಪುಸ್ತಕಭಂಡಾರದಿಂದ ತರಬಹುದು;

ಆಟಗಳಿಗೆ ಆ ಅನುಕೂಲವೂ ಸಂಕುಚಿತ. ಸಂಶೋಧಕರಿಗೆ ದೂರದಿಂದಲೇ ಇಂತಹ ಆಟಗಳನ್ನು ಒದಗಿಸಲು ಭಂಡಾರಗಳಿಗೆ ಅನುಮತಿ ಬೇಕೆಂಬ ಕೋರಿಕೆಯನ್ನು ಅಮೆರಿಕದ ಅಧಿಕಾರಿಗಳು ೨೦೨೪ರ ಅಕ್ಟೋಬರಿನಲ್ಲಿ ತಳ್ಳಿಹಾಕಿದರು. ಹಳೆಯ ಯಂತ್ರದ ನಡತೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ‘ಎಮ್ಯುಲೇಟರ್’ಗಳನ್ನು ಬಹುಮಟ್ಟಿಗೆ ಬರೆದವರು ವೇತನವಿಲ್ಲದ ಅಭಿಮಾನಿಗಳು, ಪ್ರಾಚೀನ ಗ್ರಂಥಗಳನ್ನು ಓಲೆಯಿಂದ ಓಲೆಗೆ ಪ್ರತಿಮಾಡಿ ಉಳಿಸಿದ ಲಿಪಿಕಾರರ ಕೆಲಸವನ್ನು ಇವರು ಮಾಡುತ್ತಿದ್ದಾರೆ. ರಚಿಸಿದವರ ಹಕ್ಕಿಗೆ ಚ್ಯುತಿ ಬಾರದಂತೆ ಈ ಕೆಲಸಕ್ಕೆ ಕಾನೂನಿನ ಆಸರೆಯನ್ನೊದಗಿಸುವುದು ಇನ್ನೂ ಬಾಕಿಯಿದೆ.

ಇದರಿಂದ ಸಿದ್ಧವಾಗುವುದೇನೆಂದರೆ: ಅಲ್ಪ ಸಾಧನದಲ್ಲಿ ಪೂರ್ಣ ನಿಯಮವನ್ನು ಕಟ್ಟಿದ ಹಳೆಯ ಆಟಗಳು ಇಂದಿಗೂ ಆಡತಕ್ಕವು, ಹೊಸತನದ ಹೊಳಪನ್ನೇ ನಂಬಿದವು ಆ ಹೊಳಪಿನೊಡನೆ ಮಾಸಿವೆ. ಆದರೆ ಯಾವುದು ಮೊದಲನೆಯ ಬಗೆಯದು, ಯಾವುದು ಎರಡನೆಯದು ಎಂಬ ತೀರ್ಪನ್ನು ಕೊಡಬೇಕಾದವರು ಆಡಿ ನೋಡುವವರು. ಆಡಿ ನೋಡುವುದಕ್ಕೇ ಎಡೆಯಿಲ್ಲದಂತೆ ಕಾಳೂ ಜೊಳ್ಳೂ ಒಟ್ಟಿಗೆ ನಾಶವಾದರೆ, ಮುಂದಿನವರಿಗೆ ತೂರಿ ನೋಡಲು ಏನೂ ಉಳಿಯದು. ಹಳೆಯ ಟಿವಿ ಗೇಮೊಂದನ್ನು ಗುಜರಿಗೆ ಹಾಕುವ ಮುನ್ನ ಮನೆಯವರು ಇಷ್ಟನ್ನು ಯೋಚಿಸುವುದೊಳಿತು: ಒಳಗಿನ ಆಟವು ಇನ್ನೂ ಬದುಕಿರಬಹುದು, ಅದಕ್ಕೆ ಬೇಕಾದುದು ತೇವವಿಲ್ಲದ ಒಂದು ಮೂಲೆ ಮತ್ತು ಅದನ್ನು ಸರಿಪಡಿಸಬಲ್ಲ ಒಂದು ಕೈ ಮಾತ್ರ.